ಸ್ಟಾರ್ಟಪ್ ಮುಚ್ಚಿತು, ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು?

ನಮ್ಮ ತರಕಾರಿ ಸ್ಟಾರ್ಟಪ್ ಮುಚ್ಚಿ ಎರಡು ತಿಂಗಳಾದರೂ ಬೆಳಗಿನ ಜಾವ ಮೂರೂವರೆಗೆ ನನಗೆ ತಾನಾಗಿಯೇ ಎಚ್ಚರ ಆಗುತ್ತಿತ್ತು. ಅದು ಕೋಲಾರದಿಂದ ಟೆಂಪೊ ಬರುವ ಹೊತ್ತು. ಈಗ ಟೆಂಪೊ ಇಲ್ಲ, ಆರ್ಡರ್ ಇಲ್ಲ, ತಾರಸಿ ಮೇಲೆ ನಲವತ್ತು ನೀಲಿ ಕ್ರೇಟು ಮಾತ್ರ. ಆಗ ಯಾರಾದರೂ 'ಸೋಲೇ ಗೆಲುವಿನ ಮೆಟ್ಟಿಲು' ಅಂದರೆ ಒಂದು ಕ್ರೇಟು ಎತ್ತಿ ಹಾಕೋಣ ಅನ್ನಿಸುತ್ತಿತ್ತು. ಹಾಗಾಗಿ ಇಲ್ಲಿ ಆ ಥರದ ಮಾತಿಲ್ಲ. ನನ್ನ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ.

ಮೊದಲು, ಹೇಳೋಕೆ ಎರಡು ಮಾತು ರೆಡಿ ಮಾಡಿಕೊಳ್ಳಿ

ದುಡ್ಡು ಹೋದ ನೋವಿಗಿಂತ ಜನರ ಮುಂದೆ ಹೇಳಿಕೊಳ್ಳುವ ನಾಚಿಕೆಯೇ ಜಾಸ್ತಿ. ನಾನು ಮೂರು ಮದುವೆ, ಒಂದು ಗೃಹಪ್ರವೇಶ ತಪ್ಪಿಸಿಕೊಂಡೆ. ನಾಲ್ಕನೇ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಸೋದರಮಾವ. 'ಕಂಪನಿ ಹೇಗಿದೆಯೋ?' ಅಂದರು. 'ನಡೀತಿದೆ ಮಾವ' ಅಂದುಬಿಟ್ಟೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಬಂದು ಸ್ನಾನದ ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆ: 'ಮುಚ್ಚಿದ್ವಿ ಮಾವ, ದುಡ್ಡು ಸಾಲಲಿಲ್ಲ. ಕೆಲಸ ಹುಡುಕ್ತಿದ್ದೀನಿ.' ಇಷ್ಟು ಸಾಕು. ಕಾರಣಗಳ ಪಟ್ಟಿ ಬೇಡ, ಪಟ್ಟಿ ಕೊಟ್ಟರೆ ಸಲಹೆಗಳ ಪಟ್ಟಿ ವಾಪಸ್ ಬರುತ್ತದೆ.

ಟ್ವಿಟರ್ ಥರ ಇದ್ದ ಬೆಂಗಳೂರಿನ 'ಕೂ' ಆ್ಯಪ್ ನೆನಪಿದೆ ಅಲ್ವಾ, ಹಳದಿ ಹಕ್ಕಿ? 2024ರ ಜುಲೈನಲ್ಲಿ ಅದನ್ನು ಮುಚ್ಚುವಾಗ ಸ್ಥಾಪಕರು, ದೊಡ್ಡ ಕಂಪನಿಗಳ ಜೊತೆಗಿನ ಮಾತುಕತೆ ಕೂಡಿಬರಲಿಲ್ಲ, ನಡೆಸುವ ಖರ್ಚು ಜಾಸ್ತಿ ಅಂತ ಲಿಂಕ್ಡ್‌ಇನ್‌ನಲ್ಲಿ ನೇರವಾಗಿ ಬರೆದರು. ಊರಿಗೆಲ್ಲ ಗೊತ್ತಿದ್ದ ಕಂಪನಿಯವರೇ ಹೇಳಿಬಿಟ್ಟರು. ನಾನು ಒಬ್ಬ ಮಾವನಿಗೆ ಹೇಳೋಕೆ ಎರಡು ತಿಂಗಳು ತಗೊಂಡೆ.

ಆಮೇಲೆ, ಕಾಗದಪತ್ರ ಮುಗಿಸಿ

ಇದು ಮನಸ್ಸಿನ ವಿಷಯ ಅಲ್ಲ ಅನ್ನಿಸಬಹುದು. ಆದರೆ ಅರ್ಧ ಮುಚ್ಚಿದ ಕಂಪನಿಯಷ್ಟು ನಿದ್ದೆ ಕೆಡಿಸುವುದು ಬೇರೊಂದಿಲ್ಲ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಅಂಗಡಿ ಬಾಗಿಲು ಹಾಕಿದ ಹಾಗೆ ಸುಮ್ನೆ ಬಿಡೋಕೆ ಆಗುವುದಿಲ್ಲ. ವರ್ಷದ ಲೆಕ್ಕ ಸಲ್ಲಿಸದಿದ್ದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ ಲೇಟ್ ಫೀ ಬೆಳೆಯುತ್ತಾ ಹೋಗುತ್ತದೆ. ಸಾಲ, ಬಾಕಿ ತೀರಿಸಿ, ಎಸ್‌ಟಿಕೆ-2 ಫಾರ್ಮ್ ಹಾಕಿ ಸರ್ಕಾರದ ನೋಂದಣಿ ಪಟ್ಟಿಯಿಂದ ಕಂಪನಿಯ ಹೆಸರು ತೆಗೆಸಬೇಕು. ಜಿಎಸ್‌ಟಿ ನೋಂದಣಿ ರದ್ದು ಮಾಡಿಸಿದ ಮೇಲೂ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಕೊನೆಯ ರಿಟರ್ನ್ ಇದೆ. ಒಬ್ಬ ಸಿಎ ಹಿಡಿಯಿರಿ. ವಾರಕ್ಕೆ ಒಂದೇ ದಿನ, ಎರಡೇ ಗಂಟೆ ಇದಕ್ಕೆ ಇಡಿ, ಮಿಕ್ಕ ದಿನ ಆ ಫೈಲ್ ಮುಟ್ಟಬೇಡಿ.

ಬಾಕಿ ತೀರಿಸುವಾಗ ಚಿಕ್ಕವರನ್ನು ಮರೆಯಬೇಡಿ. ನಾನು ಟೆಂಪೊ ಡ್ರೈವರ್‌ಗೆ ಆರು ಸಾವಿರ ಕೊಡಬೇಕಿತ್ತು, ಅವರ ಫೋನ್ ಬಂದರೆ ಮೊಬೈಲ್ ಬೋರಲು ಹಾಕುತ್ತಿದ್ದೆ. ಕೊನೆಗೆ ನಾನೇ ಫೋನ್ ಮಾಡಿ 'ಅಣ್ಣಾ, ಮೂರು ಕಂತಲ್ಲಿ ಕೊಡ್ತೀನಿ' ಅಂದೆ. 'ಅದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ಸಾರ್?' ಅಂದರು. ಅವತ್ತು ರಾತ್ರಿ ನಿದ್ದೆ ಬಂತು.

ಪಾರ್ಟ್‌ನರ್ ಜೊತೆ ಲೆಕ್ಕ ಬೇರೆ, ಜಗಳ ಬೇರೆ

ತಪ್ಪು ಯಾರದ್ದು ಅನ್ನುವ ಮಾತು ಮೊದಲ ತಿಂಗಳು ಬೇಡವೇ ಬೇಡ, ರಾತ್ರಿ ಹತ್ತರ ಮೇಲೆ ವಾಟ್ಸಾಪ್‌ನಲ್ಲಂತೂ ಬೇಡ. ಲೆಕ್ಕ ಮಾತ್ರ ಬರೆದಿಟ್ಟುಕೊಳ್ಳಿ.

ಮೈಗೆ ಒಂದು ದಿನಚರಿ ಕೊಡಿ

ಮೂರೂವರೆಗೆ ಎಚ್ಚರ ಆದರೆ ಫೋನ್ ಮುಟ್ಟಬೇಡಿ. ನಾನು ಹಾಲು ತರುವ ಕೆಲಸ ಅಮ್ಮನಿಂದ ತೆಗೆದುಕೊಂಡೆ. ದಿನಾ ಆರಕ್ಕೆ ಬೂತಿಗೆ ಹೋಗಿ ಬರುವುದು, ಅಷ್ಟೇ. ಲೋಗೊ ಹಾಕಿದ ಟೀ ಶರ್ಟ್ ಬಿಸಾಡಲೂ ಇಲ್ಲ, ಹಾಕಿಕೊಳ್ಳಲೂ ಇಲ್ಲ, ಅಟ್ಟಕ್ಕೆ ಹಾಕಿದೆ.

ಆದರೆ ಎರಡು ವಾರವಾದರೂ ಊಟ ಸೇರದೆ, ನಿದ್ದೆ ಬಾರದೆ ಇದ್ದರೆ ಡಾಕ್ಟರ್ ಹತ್ತಿರ ಹೋಗಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ, ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನವರಿಗೆ ನಿಮ್ಹಾನ್ಸ್ ಆಸ್ಪತ್ರೆ ಕೂಡ ಇದೆ.

ಕ್ರೇಟುಗಳ ಕಥೆ ಕೇಳ್ತೀರಾ? ಮೂವತ್ತೆಂಟನ್ನು ಕೋಲಾರದ ರೈತರಿಗೇ ಕೊಟ್ಟೆ. ಎರಡನ್ನು ಅಮ್ಮ ಇಟ್ಟುಕೊಂಡಿದ್ದಾರೆ, ಒಂದರಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಹಳೇ ಪೇಪರ್.