ಹನುಮಮಾಲೆ ಹಾಕಿದ್ರ ಮನಸ್ಸಿಗೆ ಏನಾಗ್ತದ? ರಿಸರ್ಚ್ ಮಾಡೋರು ಹಿಂಗ ಮಾಡ್ರಿ

ಸೈಕಾಲಜಿ ಪ್ರಾಜೆಕ್ಟಿಗೆ ಭಕ್ತಿ, ಮನಸ್ಸು ಅಂತ ಟಾಪಿಕ್ ತಗೊಂಡೋರು ಸೀದಾ ಜಾತ್ರಿಗೆ ಹೋಗಿ "ನಿಮಗ ನೆಮ್ಮದಿ ಆತೇನ್ರಿ" ಅಂತ ಕೇಳಬ್ಯಾಡ್ರಿ, ದೇವರ ಮುಂದ ನಿಂತವ್ರು ಆಗಿಲ್ಲ ಅಂತ ಹೆಂಗ ಹೇಳ್ತಾರ?

ಮೊದ್ಲು ಒಂದೇ ಆಚರಣೆ ಹಿಡ್ಕೊಳ್ರಿ. ಹುಲಿಗೆಮ್ಮಗ ಹರಕಿ ತೀರ್ಸೋದು ಬ್ಯಾರೆ, ಮುದಗಲ್ ಮೊಹರಂನಾಗ ಕುಣಿಯೋದು ಬ್ಯಾರೆ, ಮನ್ಯಾಗ ಒಬ್ರ ಕುಂತು ಇಷ್ಟಲಿಂಗ ಪೂಜೆ ಮಾಡೋದು ಬ್ಯಾರೆ. ಹೊಸಬರಿಗೆ ಹನುಮಮಾಲೆ, ಅಂದ್ರ ಹನುಮಪ್ಪನ ಹೆಸರಿಲೆ ಮಾಲೆ ಹಾಕ್ಕೊಂಡು ವ್ರತ ಹಿಡಿದು ಗಂಗಾವತಿ ಹತ್ರದ ಅಂಜನಾದ್ರಿ ಬೆಟ್ಟದಾಗ ತೆಗೆಯೋದು, ಚಲೋ ಅನ್ಸತದ ನಂಗ, ಯಾಕಂದ್ರ ಮಾಲೆ ಹಾಕೋ ದಿನ, ಬೆಟ್ಟಕ್ಕ ಹೋಗಿ ತೆಗೆಯೋ ದಿನ ಎರಡೂ ಮೊದ್ಲ ಗೊತ್ತಿರ್ತಾವ, ಹಂಗಾಗಿ ಹಾಕೋಕಿಂತ ಮುಂಚೆ ಒಮ್ಮೆ, ತೆಗೆದು ಒಂದು ತಿಂಗಳಾದ ಮ್ಯಾಲೆ ಒಮ್ಮೆ ಅದೇ ಪ್ರಶ್ನೆ ಕೇಳಬಹುದು. ಪ್ರಯಾಗದ ಮಾಘ ಮೇಳದಾಗ ಹಿಂಗ ಮಾಡಿದ್ರು, 2012ರಾಗ ಪ್ರಕಟ ಆತು: 416 ಕಲ್ಪವಾಸಿಗಳು (ಮೇಳದ ತಿಂಗಳು ಪೂರ್ತಿ ನದಿ ದಂಡ್ಯಾಗ ಉಳಿಯೋ ಭಕ್ತರು), ಜೊತೆಗೆ ಮೇಳಕ್ಕ ಹೋಗದ 127 ಮಂದಿ. ಚಳಿ, ಗದ್ಲ, ನೆಲದ ಮ್ಯಾಲೆ ವಾಸ ಇದ್ರೂ ಹೋಗಿ ಬಂದವರ ಆರೋಗ್ಯ, ಮನಸ್ಸು ಸುಧಾರಿಸಿತ್ತು.

ಆ ಹೋಗದಿದ್ದ ಮಂದೀನ ಮುಖ್ಯ, ಇದನ್ನ ಬಿಟ್ರ ಕೆಲಸ ಕೆಡ್ತದ. ಗಂಗಾವತಿ ಕಡೆ ಮಾಲೆ ಬರೋ ಹೊತ್ತಿಗೆ ಭತ್ತದ ಕಟಾವು, ಮಾರಿದ್ರ ಕೈಯಾಗ ರೊಕ್ಕ, ರೇಟ್ ಬಿದ್ರ ಚಿಂತಿ. ಮನಸ್ಸು ಬದಲಾಗಿದ್ದು ಹನುಮಪ್ಪನಿಂದನೋ ಭತ್ತದಿಂದನೋ? ಅದಕ್ಕ ಅದೇ ಊರು, ಅದೇ ವಯಸ್ಸಿನ, ಮಾಲೆ ಹಾಕದವ್ರನ್ನೂ ಎರಡೂ ಸಲ ಕೇಳ್ರಿ. ಮಾಲೆಯೊಳಗೂ ಕುಡಿಯೋದು ಬಿಟ್ಟಿರ್ತಾರ, ದಿನಾ ಸಂಜಿಗೆ ಗೆಳೆಯರ ಜೊತೆ ಭಜನಿ ಇರ್ತದ, ಇವುಗಳಿಂದನೂ ಮನಸ್ಸು ಬದಲಾಗಬಹುದು, ಅದಕ್ಕ ಇವನ್ನ ಬ್ಯಾರೆ ಬ್ಯಾರೆ ಬರ್ಕೊಳ್ರಿ.

ಅಳತಿಗೆ ಡಬ್ಲ್ಯೂಎಚ್ಒ-5 (ಮನಸ್ಸಿನ ನೆಮ್ಮದಿ ಅಳಿಯೋ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ) ಸಾಕು: ಕಳೆದ ಎರಡು ವಾರದ ಬಗ್ಗೆ ಐದು ಪ್ರಶ್ನೆ, ಒಂದೊಂದಕ್ಕ 0ರಿಂದ 5, ಬಂದ ಒಟ್ಟನ್ನ (ಹೆಚ್ಚಂದ್ರ 25) 4ರಿಂದ ಗುಣಿಸಿದ್ರ 100ಕ್ಕ ಎಷ್ಟು ಅಂತ ಸಿಗ್ತದ. ಓದಾಕ ಬರದವ್ರಿಗೆ ಐದು ಹುಣಸಿ ಬೀಜ ಕೈಗೆ ಕೊಟ್ಟು "ಈ ಎರಡು ವಾರದಾಗ ಬೆಳಿಗ್ಗೆ ಎದ್ದಾಗ ಮೈ ಹಗುರ ಅನ್ಸಿದ ದಿನ ಹೆಚ್ಚಿದ್ರ ಹೆಚ್ಚು ಬೀಜ, ಕಡಿಮಿ ಇದ್ರ ಕಡಿಮಿ ಬೀಜ ಇಡ್ರಿ, ಒಂದು ದಿನಾನೂ ಇಲ್ಲಾಂದ್ರ ಒಂದೂ ಬ್ಯಾಡ, ದಿನಾಲೂ ಇತ್ತಂದ್ರ ಐದೂ ಇಡ್ರಿ" ಅನ್ರಿ. 575 ಮೆಟ್ಟಿಲು ಹತ್ತಿ ಏದುಸಿರು ಬಿಡೋವಾಗ ಕೇಳಬ್ಯಾಡ್ರಿ, ಮನಿಗೇ ಹೋಗ್ರಿ.

ಇನ್ನೊಂದು, ಭಕ್ತಿ ಅಂದ್ರ ಬರೀ ಸಮಾಧಾನ ಅಂತ ತಿಳ್ಕೊಂಡು ಹೋಗಬ್ಯಾಡ್ರಿ. ಕೆನೆತ್ ಪಾರ್ಗಮೆಂಟ್ ಅನ್ನೋ ಸೈಕಾಲಜಿಸ್ಟ್ ಎರಡು ದಾರಿ ತೋರಿಸ್ತಾರ: ಕಷ್ಟದಾಗ ದೇವ್ರು ಜೊತೆಗದಾನ ಅಂತ ಧೈರ್ಯ ತಗೊಳ್ಳೋದು ಒಂದು, ದೇವ್ರು ಶಿಕ್ಷೆ ಕೊಟ್ಟಾನ, ಕೈ ಬಿಟ್ಟಾನ ಅಂತ ಒಳಗೊಳಗೆ ಕೊರಗೋದು ಇನ್ನೊಂದು. ಹರಕಿ ಮುಟ್ಟಿಸಾಕ ಆಗಲಿಲ್ಲ, ಅದಕ್ಕ ಮಗುಗ ಜಡ್ಡಾತು ಅಂತ ಕೊರಗೋ ತಾಯಿನ್ನ ಬಿಟ್ಟು ನೆಮ್ಮದಿ ಕಂಡವ್ರನ್ನಷ್ಟೇ ಬರದ್ರ ಅದು ಅನ್ಯಾಯ. ಆದ್ರ ಆಕಿ ನಂಬಿಕಿ ಸರಿನೋ ತಪ್ಪೋ ಹೇಳೋದು ನಿಮ್ಮ ಕೆಲಸ ಅಲ್ಲ, ಸುಮ್ನ ಕೇಳಿಸ್ಕೊಳ್ರಿ.

ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗಿ ಮೊದ್ಲ ತಗೊಳ್ರಿ, 18 ತುಂಬದವ್ರಾದ್ರ ತಂದೆ ತಾಯಿ ಒಪ್ಪಿಗಿನೂ ಬೇಕು. ಹೆಸರು, ಜಾತಿ ಬರ್ಕೊಂಡ ಹಾಳಿ ಉತ್ತರದ ಹಾಳಿ ಜೊತೆ ಇಡಬ್ಯಾಡ್ರಿ. ಮಾತಾಡ್ತಾ ಮಾತಾಡ್ತಾ ಯಾರಾದ್ರೂ ಬದುಕೋದು ಬ್ಯಾಡ ಅನ್ಸತದ ಅಂದ್ರ ಪ್ರಶ್ನೆ ಅಲ್ಲಿಗೇ ನಿಲ್ಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಅವ್ರ ಮುಂದನ ಫೋನ್ ಹಚ್ಚಿಕೊಡ್ರಿ, ಮಾತು ಮುಗಿಯೋ ತನ ಅಲ್ಲೇ ಕುಂದರ್ರಿ.