ಶಕ್ತಿನಗರದ ಬೂದಿಯಿಂದ ಇಟ್ಟಿಗೆ: ನನ್ನ ಅನುಭವ

"ಬೂದಿಯಾಗ ಗ್ವಾಡಿ ಕಟ್ಟಿದ್ರ ನಿಲ್ತದೇನ್ರಿ ಸಾವ್ಕಾರ್ರ?" ಅಂತ ನಕ್ಕಿದ್ದ ಮೇಸ್ತ್ರಿಯೇ ಕಳೆದ ತಿಂಗಳು ಮಗಳ ಮನೆಗೆ 6,000 ಇಟ್ಟಿಗೆ ಒಯ್ದ. ಅದೂ ನಗದು ಕೊಟ್ಟು! ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಾಯಚೂರಿನ ಹತ್ತಿರದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ಕಲ್ಲಿದ್ದಲು ಸುಡುತ್ತಿದೆ, ಬೂದಿಗೇನು ಬರವಿಲ್ಲ. ನಾನು ಎಡವಿದ್ದು ಹೊಂಡದ ಬೂದಿ, ಅಂದರೆ ನೀರಿನ ಜೊತೆ ಹೊಂಡಕ್ಕೆ ಬಿಟ್ಟ ಬೂದಿ ತಂದು. ಪುಕ್ಕಟೆ ಸಿಕ್ಕಿತು ಅಂತ ಟಿಪ್ಪರ್ ಮೇಲೆ ಟಿಪ್ಪರ್ ಹೊಡೆಸಿದೆ. ದಪ್ಪ ಕಾಳು, ಒದ್ದೆ ಬೇರೆ. ಸುಣ್ಣದ ಜೊತೆ ಸರಿಯಾಗಿ ಹಿಡಿಯಲೇ ಇಲ್ಲ. ಇಟ್ಟಿಗೆಯ ಮೂಲೆ ಬೆರಳಲ್ಲಿ ಉದುರುತ್ತಿತ್ತು. ಸುಮಾರು 8,000 ಇಟ್ಟಿಗೆ ತಗ್ಗು ತುಂಬಿಸಲು ಹೋದವು. ಬಾಡಿಗೆ, ಕೂಲಿ ಸೇರಿ 40,000 ರೂಪಾಯಿ ಹತ್ತಿರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಬಲ್ಕರ್ (ಬೂದಿ ಸಾಗಿಸುವ ಮುಚ್ಚಿದ ಟ್ಯಾಂಕರ್ ಲಾರಿ) ಬಾಡಿಗೆ ಜಾಸ್ತಿ ಬಿದ್ದರೂ ಸೈಲೋದ, ಅಂದರೆ ಬೂದಿ ತುಂಬಿಡುವ ಎತ್ತರದ ಕಣಜದ, ಒಣ ಬೂದಿಯೇ ಕೊನೆಗೆ ಅಗ್ಗ.

ಎರಡನೇ ಪೆಟ್ಟು ಸುಣ್ಣದ್ದು. ಕಡಿಮೆ ರೇಟಿನ ಸುಣ್ಣದಲ್ಲಿ ನೀರು ಕುಡಿದು ಅರಳದ ಹರಳು ಉಳಿದಿದ್ದವು. ಇಟ್ಟಿಗೆ ನೋಡಲು ಚೆನ್ನಾಗೇ ಇತ್ತು. ಗೋಡೆಗೆ ಹೋಗಿ ಮಳೆ ಬಿದ್ದ ಮೇಲೆ ಹರಳು ಅರಳಿ, ಮೊಡವೆ ಒಡೆದ ಹಾಗೆ ಚಕ್ಕೆ ಹಾರಿತು. ಗಿರಾಕಿಗೆ ದುಡ್ಡು ವಾಪಸ್ ಕೊಟ್ಟೆ. ಈಗ ನೆನೆಸಿ, ಜರಡಿ ಹಿಡಿದೇ ಹಾಕುವುದು. ಎಷ್ಟು ಹೊತ್ತು ನೆನೆಸುತ್ತೇನೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಅಂದಾಜಿಗೆ 100ಕ್ಕೆ 60 ಪಾಲು ಬೂದಿ, 20 ಕ್ರಷರ್ ಡಸ್ಟ್, ಒಂದು 5 ಜಿಪ್ಸಂ, ಉಳಿದದ್ದು ಸುಣ್ಣ. ಜಿಪ್ಸಂ ಗೊಬ್ಬರ ಕಾರ್ಖಾನೆಯ ಕಸ, ಡಸ್ಟ್ ಕ್ವಾರಿಯ ಕಸ. ಕಸವಲ್ಲದ ಮಾಲು ಅಂದರೆ ಸುಣ್ಣ ಒಂದೇ.

ನಡುವೆ ಸಿಂಧನೂರಿನ ರೈಸ್ ಮಿಲ್ಲಿನ ಹೊಟ್ಟಿನ ಬೂದಿಯನ್ನೂ ಬೆರೆಸಿ ನೋಡಿದೆ. ಕರೀ ಬೂದಿ, ನೀರು ಕುಡಿದೇ ಕುಡಿಯಿತು. ಇಟ್ಟಿಗೆ ಹಗುರವಾಯಿತು, ಗಟ್ಟಿ ಬರಲಿಲ್ಲ. ಉಳಿದ ಚೀಲಗಳನ್ನು ನಮ್ಮ ಮನೆಯವಳು ಪಾತ್ರೆ ತಿಕ್ಕಲು ಇಟ್ಟುಕೊಂಡಳು.

ರಾಯಚೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ? ಹಸಿ ಇಟ್ಟಿಗೆಗೆ ಅದೇ ಶತ್ರು. ಗೋಣಿಚೀಲ ಹೊದಿಸಿ 21 ದಿನ ನೀರು ಹೊಡೆಯಲೇಬೇಕು. ಹುಡುಗರು ಎರಡು ದಿನ ಮೈಗಳ್ಳತನ ಮಾಡಿದರೂ ಬಿರುಕು.

ಮೊನ್ನೆ ಲ್ಯಾಬಿನಲ್ಲಿ ನನ್ನ ಇಟ್ಟಿಗೆ ಚದರ ಮಿಲಿಮೀಟರಿಗೆ 9 ನ್ಯೂಟನ್ ಹತ್ತಿರ ಒತ್ತಡ ತಾಳಿತು. ಸುತ್ತಮುತ್ತ ಯಾವ ಭಟ್ಟಿಯ ಇಟ್ಟಿಗೆ ಬೇಕಾದರೂ ತನ್ನಿ, ನೋಡೋಣ! ಒಂದಕ್ಕೆ 5 ರೂಪಾಯಿ ಬೀಳುತ್ತದೆ, 6ಕ್ಕೆ ಮಾರುತ್ತೇನೆ. ಉಳಿದ ರೂಪಾಯಿಯಲ್ಲಿ ಅರ್ಧ ಇಟ್ಟಿಗೆ ಒತ್ತುವ ಪ್ರೆಸ್ಸಿನ ಸಾಲದ ಕಂತಿಗೆ.

ಮೇಸ್ತ್ರಿ ಮಾತ್ರ ಇನ್ನೂ ಗೊಣಗುತ್ತಾನೆ: ನುಣ್ಣಗಿವೆ, ಗಿಲಾವು ಹಿಡಿಯೋದಿಲ್ಲ ಅಂತ. ಗೋಡೆ ತೋಯಿಸಿ ಹಚ್ಚು ಮಾರಾಯ, ಅಂದಿದ್ದೇನೆ.