ಟೋಪಿಗೆ ಮರದ ಬ್ಲಾಕ್: ನಾನು ನೋಡಿ ಆರಿಸುವ ರೀತಿ

ಬ್ಲಾಕ್ ಅಂದರೆ ಟೋಪಿಗೆ ಆಕಾರ ಕೊಡುವ ಮರದ ಅಚ್ಚು. ಹಳೆಯದಾಗಲಿ ಹೊಸದಾಗಲಿ, ಅದನ್ನು ನೋಡಲು ಹೋಗುವಾಗ ಟೇಪು, ಒಂದೆರಡು ಗುಂಡುಸೂಜಿ, ಚಿಕ್ಕದೊಂದು ಅಯಸ್ಕಾಂತ ನನ್ನ ಜೊತೆ ಇರುತ್ತವೆ. ಆಕಾರದ ಅಂದಕ್ಕೆ ಮನಸೋಲುವುದು ಸುಲಭ. ಆದರೆ ಕೆಲಸಕ್ಕೆ ಕೂತಾಗ ಕೈಗೆ ತಿಳಿಯುವುದು ಮರದ ಗುಣ. ಆವಿಯಲ್ಲಿ ಮೆತ್ತಗಾದ ಫೆಲ್ಟ್ (ಉಣ್ಣೆ ಇಲ್ಲವೇ ತುಪ್ಪಳ ಒತ್ತಿ ಮಾಡಿದ ದಪ್ಪ ಬಟ್ಟೆ) ತಣ್ಣಗಾಗುವ ಮೊದಲೇ ಅದನ್ನು ಬ್ಲಾಕ್ ಮೇಲೆ ಎಳೆದು ಕೂರಿಸಿ ಸೂಜಿ ಚುಚ್ಚಬೇಕು. ಮರ ಸೂಜಿಯನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳಬೇಕು, ಒಣಗುವವರೆಗೆ ಬಿಗಿಯಾಗಿ ಹಿಡಿದುಕೊಂಡಿರಲೂ ಬೇಕು.

ಅದಕ್ಕೇ ಬ್ಲಾಕ್‌ಗೆ ಪೋಪ್ಲರ್, ಲಿಂಡೆನ್, ಆಲ್ಡರ್ ತರಹದ ಮೆದು ಮರಗಳು ಒಪ್ಪುತ್ತವೆ. ಓಕ್‌ನಂಥ ಗಟ್ಟಿ ಮರದಲ್ಲಿ ಸೂಜಿ ಬಾಗುತ್ತದೆ, ಹೆಬ್ಬೆರಳು ನೋಯುತ್ತದೆ. ಪೈನ್‌ನಲ್ಲಿ ಒಂದು ಗೆರೆ ಮೆದು, ಪಕ್ಕದ್ದು ಗಟ್ಟಿ. ಬಿಸಿ ತಾಗಿದರೆ ರಾಳ ಒಸರುವ ಭಯ ಬೇರೆ. ನನಗೆ ಅದು ಹಿಡಿಸುವುದಿಲ್ಲ. ಮಾರುವವರ ಅನುಮತಿ ಕೇಳಿ ಬ್ಲಾಕ್‌ನ ಅಡಿ ಅಂಚಿನಲ್ಲಿ ಒಂದು ಸೂಜಿ ಚುಚ್ಚಿ ನೋಡುತ್ತೇನೆ. ಅಷ್ಟರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಇನ್ನರ್ಧ ಅಳತೆ. ಇಲ್ಲಿ ಸ್ವಲ್ಪ ನಿಧಾನ ಬೇಕು. ಬ್ಲಾಕ್ ಮೇಲೆ ಒತ್ತಿರುವ ನಂಬರನ್ನೇ ನಂಬಬಾರದು. 57 ಸೆಂ.ಮೀ. ತಲೆಗೆ ಅಮೆರಿಕದ ಲೆಕ್ಕದಲ್ಲಿ 7 1/8, ಬ್ರಿಟನ್ ಲೆಕ್ಕದಲ್ಲಿ 7. ನಂಬರ್ ಯಾವ ದೇಶದ್ದು ಅಂತ ಗೊತ್ತಿಲ್ಲದಿದ್ದರೆ ಸೈಜ್ ತಪ್ಪಿಹೋಗುತ್ತದೆ. ಟೇಪನ್ನು ಎಲ್ಲಿ ಸುತ್ತುತ್ತೀರಿ ಅನ್ನುವುದೂ ಮುಖ್ಯ. ಎಷ್ಟೋ ಬ್ಲಾಕ್‌ಗಳು ಟೋಪಿಗಿಂತ ಎತ್ತರವಾಗಿರುತ್ತವೆ, ಮೇಲೆ ಹೋದಂತೆ ಕಿರಿದಾಗುತ್ತವೆ. ಟೋಪಿ ಹಣೆಯ ಮೇಲೆ ಕೂರುವ ಗೆರೆ ಎಲ್ಲಿ ಬರುತ್ತದೋ ಅಲ್ಲಿ ಅಳೆಯಬೇಕು, ಸುಮ್ನೆ ಅಡಿಯಲ್ಲಿ ಅಲ್ಲ. ಒಳಗೆ ಹೊಲಿಯುವ ಪಟ್ಟಿಯೂ ಜಾಗ ತಿನ್ನುತ್ತದಲ್ವಾ? ಅದಕ್ಕಾಗಿ ತಲೆಯ ಅಳತೆಗಿಂತ ಅರ್ಧದಿಂದ ಒಂದು ಸೆಂ.ಮೀ. ಜಾಸ್ತಿ ಇರುವುದನ್ನೇ ಆರಿಸುತ್ತೇನೆ.

ಹಳೆಯ ಬ್ಲಾಕ್ ಕಂಡರೆ ನನಗೆ ಪ್ರೀತಿ. ಇಂಗ್ಲೆಂಡಿನ ಲೂಟನ್, ಅಮೆರಿಕದ ಡ್ಯಾನ್ಬರಿಯಂಥ ಊರುಗಳು ಟೋಪಿಯಿಂದಲೇ ಬದುಕಿದವು. ಅಂಥ ಕಾರ್ಖಾನೆಗಳು ಮುಚ್ಚಿದಾಗ ಬ್ಲಾಕ್‌ಗಳು ಹರಾಜಿಗೂ ಹಳೇ ಸಾಮಾನಿನ ಅಂಗಡಿಗೂ ಸೇರಿದವು. ಅಡಿ ಅಂಚಿನ ಸುತ್ತ ಒತ್ತೊತ್ತಾಗಿ ಸೂಜಿ ತೂತುಗಳಿದ್ದರೆ ಅದು ದುಡಿದ ಬ್ಲಾಕ್ ಅಂತ ಖುಷಿಪಡುತ್ತೇನೆ. ಆ ತೂತುಗಳಿಂದ ತೊಂದರೆಯಿಲ್ಲ. ಮುರಿದು ಒಳಗೇ ಉಳಿದ ಮೊಳೆಯಿಂದ ತೊಂದರೆ ಇದೆ: ಒದ್ದೆ ಫೆಲ್ಟ್ ತಾಗಿದರೆ ತುಕ್ಕಿನ ಕಲೆ ಬೀಳುತ್ತದೆ, ಬಿಳಿ ಟೋಪಿ ಕೆಟ್ಟಂತೆಯೇ. ಅಯಸ್ಕಾಂತ ಇರುವುದು ಅದಕ್ಕೆ. ಹುಳುವಿನ ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಬ್ಲಾಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 2 ವಾರ ಇಡುತ್ತೇನೆ. ಹೊರತೆಗೆದ ಮೇಲೂ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚುವುದಿಲ್ಲ.

ಬಿಡಿ ತುಂಡುಗಳನ್ನು ಜೋಡಿಸಿದ ಪಜಲ್ ಬ್ಲಾಕ್ ಸಿಕ್ಕರೆ ಅಲ್ಲೇ ಬಿಚ್ಚಿ, ಮತ್ತೆ ಜೋಡಿಸಿ ನೋಡಿ. ನೆತ್ತಿ ಅಗಲ, ಅಡಿ ಕಿರಿದು ಇರುವ ಟೋಪಿ ಇಡೀ ಬ್ಲಾಕ್‌ನಿಂದ ಹೊರಬರುವುದಿಲ್ಲ, ಅದಕ್ಕೇ ಇದು ಬೇಕು. ನಡುವಿನ ತುಂಡನ್ನು ಮೊದಲು ಎಳೆದರೆ ಉಳಿದವು ಕಳಚಿ ಬರುತ್ತವೆ. ಒಂದು ತುಂಡು ಇಲ್ಲದಿದ್ದರೂ ಕೊಳ್ಳಬೇಡಿ.

ಬಡಗಿಯಿಂದ ಮಾಡಿಸುವುದಾದರೆ ಒಂದು ವಿಷಯ ಮೊದಲೇ ಹೇಳಿಬಿಡಿ: ಲೇತ್‌ನಲ್ಲಿ ತಿರುಗಿಸಿದ್ದು ಪೂರ್ತಿ ದುಂಡಗೆ ಬರುತ್ತದೆ, ತಲೆ ಹಾಗಿಲ್ಲ. ನಾನು ಮಾಡಿಸಿದ್ದು ಹೀಗೆ. 16 ಸೆಂ.ಮೀ. ಅಗಲದ ಗುಮ್ಮಟವನ್ನು ಎರಡು ಹೋಳು ಮಾಡಿಸಿ, ನಡುವೆ 3.4 ಸೆಂ.ಮೀ. ದಪ್ಪದ ಹಲಗೆ ಸೇರಿಸಿದೆ. ಸುತ್ತಳತೆ ಸುಮಾರು 57 ಬಂತು. ಮರ ಚೆನ್ನಾಗಿ ಒಣಗಿರಬೇಕು, ಅಂಟು ನೀರಿಗೆ ಬಿಡದಂಥದ್ದಾಗಿರಬೇಕು. ಮೇಲೆ ಅರಗಿನ ಪಾಲಿಶ್ ಬೇಡ, ಆವಿಗೆ ಬೆಳ್ಳಗಾಗುತ್ತದೆ. ನಾನಂತೂ ಪ್ರತಿ ಸಲ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿಯೇ ಫೆಲ್ಟ್ ಹಾಕುತ್ತೇನೆ.

ಒಂದೇ ಬ್ಲಾಕ್ ಕೊಳ್ಳುವಷ್ಟು ಹಣವಿದ್ದರೆ ಸಾದಾ ಗುಮ್ಮಟ ತೆಗೆದುಕೊಳ್ಳಿ. ಅದರ ಮೇಲೆ ಕೂರಿಸಿದ ಫೆಲ್ಟನ್ನು ಬೆರಳಿನಿಂದಲೇ ಮಡಿಸಿ, ಒತ್ತಿ ಬೇರೆ ಬೇರೆ ನೆತ್ತಿ ಮಾಡಬಹುದು.